ಆದಿಕಾಂಡದಿಂದ ಪ್ರಕಟನೆಯವರೆಗೆ: ಬೈಬಲ್ಲನ್ನು ಸಾಲಾಗಿ ಓದಿದ ನನ್ನ ಅನುಭವ

ಬೈಬಲ್ಲಿನ ಬಿಡಿ ವಚನಗಳನ್ನು ಬಲ್ಲವರು ಬಹಳ ಮಂದಿ ಇದ್ದಾರೆ. ಇಡೀ ಗ್ರಂಥವನ್ನು ಓದಿದವರು ಅಷ್ಟಾಗಿ ಸಿಗುವುದಿಲ್ಲ. ನಾನೂ ಬಹುಕಾಲ ಮೊದಲನೆಯ ಸಾಲಿನಲ್ಲೇ ಇದ್ದವನು. ಇಪ್ಪತ್ತಮೂರನೆಯ ಕೀರ್ತನೆ, ಬೆಟ್ಟದ ಮೇಲಿನ ಪ್ರಸಂಗ, ಪ್ರೀತಿಯ ಕುರಿತು ಪೌಲನು ಕೊರಿಂಥದವರಿಗೆ ಬರೆದ ಅಧ್ಯಾಯ ಇವೆಲ್ಲ ಕೇಳಿ ಕೇಳಿ ಬಾಯಿಪಾಠವಾಗಿದ್ದವು. ಆದರೆ ಅವುಗಳ ಹಿಂದೆಮುಂದೆ ಏನಿದೆ, ಒಂದು ಪುಸ್ತಕಕ್ಕೂ ಮತ್ತೊಂದು ಪುಸ್ತಕಕ್ಕೂ ಏನು ನಂಟು ಎಂದು ಯಾರಾದರೂ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದನ್ನೂ ಬಿಡದೆ ಓದಬೇಕೆಂದು ಹೊರಟದ್ದು ಆ ಕಾರಣಕ್ಕೆ.

ಓದುವ ಕ್ರಮಗಳು ಹಲವಿವೆ. ದಿನಕ್ಕೆ ಹಳೆಯ ಒಡಂಬಡಿಕೆಯಿಂದ ಒಂದು ಭಾಗ, ಹೊಸ ಒಡಂಬಡಿಕೆಯಿಂದ ಒಂದು ಭಾಗ, ಜೊತೆಗೊಂದು ಕೀರ್ತನೆ ಎಂದು ಬೆರೆಸಿ ಓದುವವರಿದ್ದಾರೆ. ಘಟನೆಗಳು ನಡೆದ ಕಾಲಕ್ಕೆ ತಕ್ಕಂತೆ ಅಧ್ಯಾಯಗಳನ್ನು ಮರುಜೋಡಿಸಿಕೊಂಡು ಓದುವವರೂ ಇದ್ದಾರೆ. ನಾನು ಪುಸ್ತಕಗಳು ಅಚ್ಚಾಗಿರುವ ಸಾಲನ್ನೇ ಹಿಡಿದೆ. ಬೆರೆಸಿ ಓದಿದರೆ ಬೇಸರ ಕಡಿಮೆಯಾಗುತ್ತದೆ, ನಿಜ. ಆದರೆ ಒಂದು ಪುಸ್ತಕ ತನ್ನ ಮಾತನ್ನು ಕಟ್ಟಿಕೊಂಡು ಹೋಗುವ ಬಗೆ ಆಗ ಕೈಗೆ ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ನಾನು ಓದಿದ್ದು 66 ಪುಸ್ತಕಗಳ ಆವೃತ್ತಿ: ಹಳೆಯ ಒಡಂಬಡಿಕೆಯಲ್ಲಿ 39, ಹೊಸದರಲ್ಲಿ 27. ಕಥೋಲಿಕ ಆವೃತ್ತಿಯಲ್ಲಿ ತೋಬಿತ, ಯೂದಿತ, ಮಕ್ಕಬಿಯರು ಮುಂತಾದವು ಸೇರಿ 73 ಪುಸ್ತಕಗಳಿರುತ್ತವೆ.

66 ಪುಸ್ತಕಗಳಲ್ಲಿ ಒಟ್ಟು 1189 ಅಧ್ಯಾಯಗಳಿವೆ. ದಿನಕ್ಕೆ ಮೂರರಿಂದ ನಾಲ್ಕು ಓದಿದರೆ ಒಂದು ವರ್ಷದಲ್ಲಿ ಮುಗಿಯುತ್ತದೆ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ನಾನು ಆ ಲೆಕ್ಕಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ, ಏಕೆಂದರೆ ಅಧ್ಯಾಯಗಳು ಒಂದೇ ಅಳತೆಯವಲ್ಲ: 117ನೆಯ ಕೀರ್ತನೆಯಲ್ಲಿ ಎರಡೇ ವಚನಗಳಿದ್ದರೆ 119ರಲ್ಲಿ 176 ಇವೆ. ಅದೂ ಅಲ್ಲದೆ ಅಧ್ಯಾಯಗಳ ಈಗಿನ ವಿಂಗಡಣೆ 13ನೆಯ ಶತಮಾನದ್ದು, ಮೂಲ ಬರಹಗಾರರು ಮಾಡಿದ್ದಲ್ಲ. ಹಾಗಾಗಿ ಅದು ಕೆಲವೆಡೆ ಮಾತಿನ ನಡುವೆಯೇ ಗೆರೆ ಎಳೆದುಬಿಡುತ್ತದೆ. ಏಳು ದಿನಗಳ ಸೃಷ್ಟಿಯ ವರ್ಣನೆ ಆದಿಕಾಂಡದ ಎರಡನೆಯ ಅಧ್ಯಾಯದ ಮೂರನೆಯ ವಚನದವರೆಗೂ ಹರಿಯುತ್ತದೆ. ಯೆಶಾಯನ ಗ್ರಂಥದಲ್ಲಿ ಬಾಧೆಪಡುವ ಸೇವಕನನ್ನು ಕುರಿತ ಪ್ರಸಿದ್ಧ ಪದ್ಯ 53ನೆಯ ಅಧ್ಯಾಯದಲ್ಲಿ ಆರಂಭವಾಗುವುದಿಲ್ಲ, 52ರ ಕೊನೆಯ ಮೂರು ವಚನಗಳಲ್ಲೇ ಆರಂಭವಾಗಿರುತ್ತದೆ. ಆದ್ದರಿಂದ ನಾನು ಅಧ್ಯಾಯಗಳನ್ನು ಎಣಿಸುವುದನ್ನು ಬಿಟ್ಟು ಸನ್ನಿವೇಶ ಮುಗಿಯುವವರೆಗೆ ಓದುವ ರೂಢಿ ಮಾಡಿಕೊಂಡೆ. ಯೋಸೇಫನ ಕಥೆಯನ್ನು ಸಾಧ್ಯವಾದಷ್ಟು ಒಂದೇ ಕೂರಿಕೆಯಲ್ಲಿ ಓದಿದೆ. ಯಾಜಕಕಾಂಡದಲ್ಲಿ ಒಂದು ಅಧ್ಯಾಯಕ್ಕೇ ನಿಲ್ಲಿಸಿದ ದಿನಗಳೂ ಇದ್ದವು. ಓದು ತಪ್ಪಿದ ದಿನದ ಪಾಲನ್ನು ಮರುದಿನದ ಪಾಲಿಗೆ ಸೇರಿಸುತ್ತಿರಲಿಲ್ಲ. ತಾರೀಖು ನಮೂದಿಸಿದ ಪಟ್ಟಿಗಳನ್ನು ಹಿಡಿದವರು ಸಾಮಾನ್ಯವಾಗಿ ಸೋಲುವುದು ಬಾಕಿ ಬೆಳೆಯತೊಡಗಿದಾಗಲೇ.

ಆದಿಕಾಂಡವೂ ವಿಮೋಚನಕಾಂಡದ ಮೊದಲರ್ಧವೂ ತಾವಾಗಿಯೇ ಓದಿಸಿಕೊಂಡು ಹೋಗುತ್ತವೆ. ಹೊರಟವರಲ್ಲಿ ಬಹುಪಾಲು ಜನ ನಿಲ್ಲುವುದು ವಿಮೋಚನಕಾಂಡದ 25ನೆಯ ಅಧ್ಯಾಯದ ಆಚೀಚೆ. ಅಲ್ಲಿಂದ ಏಳು ಅಧ್ಯಾಯಗಳ ತನಕ ದೇವದರ್ಶನದ ಗುಡಾರವನ್ನು, ಅಂದರೆ ಇಸ್ರಾಯೇಲ್ಯರು ಅರಣ್ಯದಲ್ಲಿ ಹೊತ್ತೊಯ್ಯುತ್ತಿದ್ದ ಆರಾಧನೆಯ ಡೇರೆಯನ್ನು, ಹೇಗೆ ಮಾಡಬೇಕೆಂಬ ಅಪ್ಪಣೆಗಳೇ ತುಂಬಿವೆ: ಶಾಸನದ ಹಲಗೆಗಳನ್ನಿಡುವ ಪೆಟ್ಟಿಗೆಯಾದ ಜಾಲೀಮರದ ಮಂಜೂಷ ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲ, ಒಂದೂವರೆ ಮೊಳ ಎತ್ತರವಿರಬೇಕು, ಅಂಗಳ ನೂರು ಮೊಳ ಉದ್ದ, ಐವತ್ತು ಮೊಳ ಅಗಲವಿರಬೇಕು, ಪರದೆಗೆ ಯಾವ ಬಣ್ಣದ ನೂಲು, ಕಂಬಕ್ಕೆ ಯಾವ ಲೋಹದ ಗದ್ದಿಗೇಕಲ್ಲು. ನಾನು ಒಂದು ದೊಡ್ಡ ಹಾಳೆ, ಅಳತೆಪಟ್ಟಿ, ಪೆನ್ಸಿಲ್ ತೆಗೆದುಕೊಂಡು, ಒಂದು ಮೊಳವನ್ನು ಸುಮಾರು 45 ಸೆಂಟಿಮೀಟರ್ ಎಂದು ಹಿಡಿದು, ಓದುತ್ತ ಓದುತ್ತ ನಕ್ಷೆ ಬರೆದೆ. ರೊಟ್ಟಿಯ ಮೇಜು ಉತ್ತರದ ಕಡೆ, ಅದಕ್ಕೆ ಎದುರಾಗಿ ದೀಪಸ್ತಂಭ ದಕ್ಷಿಣದ ಕಡೆ, ಪರದೆಯ ಮುಂದೆ ಧೂಪವೇದಿ, ಪರದೆಯ ಹಿಂದೆ ಮಂಜೂಷ. ಹಾಗೆ ಬರೆದ ಮೇಲೆ ಹೊರಗಿನಿಂದ ಒಳಕ್ಕೆ ಹೋದಂತೆ ಹಿತ್ತಾಳೆ ಅಥವಾ ತಾಮ್ರ ಹೋಗಿ ಬಂಗಾರ ಬರುವುದು, ಪ್ರವೇಶವಿರುವವರ ಸಂಖ್ಯೆ ಕಡಿಮೆಯಾಗುತ್ತ ಹೋಗುವುದು ಕಣ್ಣಿಗೇ ಕಾಣಿಸಿತು.

ಅದೇ ಅಳತೆಗಳು 35ರಿಂದ 40ರವರೆಗಿನ ಅಧ್ಯಾಯಗಳಲ್ಲಿ ಬಹುಮಟ್ಟಿಗೆ ಅಕ್ಷರಶಃ ಮತ್ತೆ ಬರುತ್ತವೆ. ಇಲ್ಲಿ ಪುಟ ಹಾರಿಸಬೇಕೆಂಬ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಅಪ್ಪಣೆಗೂ ಕೆಲಸಕ್ಕೂ ನಡುವೆ, 32ನೆಯ ಅಧ್ಯಾಯದಲ್ಲಿ, ಜನರು ಚಿನ್ನದ ಬಸವನ ಮುಂದೆ ಕುಣಿದಿದ್ದಾರೆ, ಮೋಶೆ ಶಿಲಾಶಾಸನದ ಹಲಗೆಗಳನ್ನು ಒಡೆದುಹಾಕಿದ್ದಾನೆ. ಅಷ್ಟೆಲ್ಲ ಆದ ಮೇಲೂ ಹೇಳಿದ್ದ ಕೆಲಸವನ್ನು ಒಂದು ಕೊಕ್ಕೆ, ಒಂದು ಗೂಟವೂ ತಪ್ಪದಂತೆ ಮಾಡಿ ಮುಗಿಸಿದರು ಎನ್ನುವುದಕ್ಕೆ ಆ ಪುನರಾವರ್ತನೆ ಬೇಕೇ ಬೇಕು. ಯೆಹೋವನು ಆಜ್ಞಾಪಿಸಿದಂತೆಯೇ ಮಾಡಿದರು ಎಂಬ ಮಾತು ಕೊನೆಯ ಎರಡು ಅಧ್ಯಾಯಗಳಲ್ಲಿ ಪಲ್ಲವಿಯಂತೆ ಮರಳಿ ಮರಳಿ ಬರುವುದು ಹಾರಿಸಿ ಓದಿದವರಿಗೆ ಕೇಳಿಸುವುದಿಲ್ಲ.

ಯಾಜಕಕಾಂಡದಲ್ಲಿ ಯಜ್ಞಗಳ ಐದು ಬಗೆಗಳನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಂಡೆ. ಯಾವುದನ್ನು ಪೂರ್ತಿ ಸುಡುತ್ತಾರೆ, ಯಾವುದರಲ್ಲಿ ಯಾಜಕನಿಗೆ ಪಾಲಿದೆ, ಯಾವುದರಲ್ಲಿ ತಂದವನೂ ಉಣ್ಣುತ್ತಾನೆ ಎಂಬುದಿಷ್ಟೇ ಆ ಟಿಪ್ಪಣಿಯ ವಿಷಯ. ಹಾಗೆ ಗಮನಿಸುತ್ತಿದ್ದಾಗ ಸಿಕ್ಕದ್ದು 12ನೆಯ ಅಧ್ಯಾಯದ ಕೊನೆಯ ವಚನ: ಹೆತ್ತ ತಾಯಿ ತನ್ನ ಶುದ್ಧೀಕರಣದ ವೇಳೆ ಕುರಿಮರಿಯೊಂದನ್ನು ತರಬೇಕು, ಅದಕ್ಕೆ ಗತಿಯಿಲ್ಲದಿದ್ದರೆ ಎರಡು ಬೆಳವಕ್ಕಿಗಳನ್ನು ಇಲ್ಲವೇ ಎರಡು ಪಾರಿವಾಳದ ಮರಿಗಳನ್ನು ತಂದರೆ ಸಾಕು. ಎಷ್ಟೋ ಸಾವಿರ ವಚನಗಳಾಚೆ, ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ, ಮರಿಯಳೂ ಆಕೆಯ ಗಂಡ ಯೋಸೇಫನೂ ಕೂಸು ಯೇಸುವನ್ನು ಯೆರೂಸಲೇಮಿಗೆ ಕರೆತಂದಾಗ ಅರ್ಪಣೆಗೆಂದು ಲೂಕನು ಹೆಸರಿಸುವುದು ಈ ಹಕ್ಕಿಗಳ ಜೋಡಿಯನ್ನೇ. ಅವರು ಬಡವರಾಗಿದ್ದರು ಎಂದು ಲೂಕ ಎಲ್ಲಿಯೂ ಬಾಯಿಬಿಟ್ಟು ಹೇಳಿಲ್ಲ. ಯಾಜಕಕಾಂಡವನ್ನು ಓದಿ ಬಂದವನಿಗೆ ಹೇಳಬೇಕಾಗಿಯೂ ಇಲ್ಲ. ಸಾಲಾಗಿ ಓದುವುದರಿಂದ ಏನು ಪ್ರಯೋಜನವೆಂದು ಕೇಳಿದವರಿಗೆಲ್ಲ ನಾನು ಈ ಜೋಡಿ ಹಕ್ಕಿಗಳನ್ನೇ ತೋರಿಸುತ್ತೇನೆ.

ಅರಣ್ಯಕಾಂಡದ ಏಳನೆಯ ಅಧ್ಯಾಯ ಇನ್ನೊಂದು ಬಗೆಯ ಪರೀಕ್ಷೆ. ಹನ್ನೆರಡು ಕುಲಗಳ ಮುಖ್ಯಸ್ಥರು ಹನ್ನೆರಡು ದಿನ ಒಬ್ಬೊಬ್ಬರಾಗಿ ಬಂದು ಒಂದೇ ಕಾಣಿಕೆಯನ್ನು ಒಪ್ಪಿಸುತ್ತಾರೆ: 130 ಶೆಕೆಲ್ ತೂಕದ ಬೆಳ್ಳಿಯ ತಟ್ಟೆ, 70 ಶೆಕೆಲ್ ತೂಕದ ಬೆಳ್ಳಿಯ ಬಟ್ಟಲು, ಧೂಪದ್ರವ್ಯ ತುಂಬಿದ ಹತ್ತು ಶೆಕೆಲ್‌ನ ಬಂಗಾರದ ಪಾತ್ರೆ, ಮತ್ತೆ ಪಶುಗಳ ಪಟ್ಟಿ. ‘ಉಳಿದವರೂ ಹಾಗೆಯೇ ತಂದರು’ ಎಂದು ಒಂದು ಮಾತಿನಲ್ಲಿ ಮುಗಿಸಬಹುದಾಗಿದ್ದುದನ್ನು ಬರೆದವರು ಹನ್ನೆರಡು ಸಲ ಪೂರ್ತಿಯಾಗಿ ಬರೆದಿದ್ದಾರೆ. ಇದನ್ನು ಗಟ್ಟಿಯಾಗಿ ಓದಿದೆ. ಕಣ್ಣಿನಲ್ಲಿ ಓದಿದಾಗ ಹಿಂಸೆಯೆನಿಸಿದ ಭಾಗ ಬಾಯಲ್ಲಿ ಓದಿದಾಗ ಸಭೆಯಲ್ಲಿ ಒಬ್ಬೊಬ್ಬರ ಹೆಸರು ಕರೆದು ಮರ್ಯಾದೆ ಮಾಡುವಂತೆ ಕೇಳಿಸಿತು. ದೊಡ್ಡ ಕುಲ, ಚಿಕ್ಕ ಕುಲ ಎಂಬ ಭೇದವಿಲ್ಲದೆ ಎಲ್ಲರಿಗೂ ಆರಾರು ವಚನಗಳೇ. ಅಲ್ಲಿಂದ ಮುಂದೆ ಪಟ್ಟಿ ಬಂದಲ್ಲೆಲ್ಲ ಗಟ್ಟಿಯಾಗಿಯೇ ಓದಿದೆ.

ಯೆಹೋಶುವನಿಂದ ಅರಸುಗಳ ಪುಸ್ತಕದವರೆಗೆ ಕಥೆಯ ಓಟ ಜೋರಾಗಿದೆ, ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ನ್ಯಾಯಸ್ಥಾಪಕರ ಕೊನೆಯ ಮೂರು ಅಧ್ಯಾಯಗಳು ಮಾತ್ರ ಓದಲಾಗದಷ್ಟು ಕ್ರೂರವಾಗಿವೆ. ಆಗ ಅರಸನಿರಲಿಲ್ಲ, ಪ್ರತಿಯೊಬ್ಬನೂ ತನಗೆ ಸರಿಕಂಡಂತೆ ನಡೆಯುತ್ತಿದ್ದನು ಎಂದು ಆ ಪುಸ್ತಕವೇ ಷರಾ ಬರೆದು ಮುಗಿಯುತ್ತದೆ. ಅದಕ್ಕೆ ಮೇಲೊಂದು ಸಮಾಧಾನ ಕಟ್ಟಲು ನಾನು ಹೋಗಲಿಲ್ಲ. ಅರಸುಗಳ ಪುಸ್ತಕಕ್ಕೆ ಬಂದಾಗ ಒಂದು ಕೆಲಸ ತಪ್ಪದೆ ಮಾಡಬೇಕು. ಸೊಲೊಮೋನನ ನಂತರ ರಾಜ್ಯ ಉತ್ತರದ ಇಸ್ರಾಯೇಲ್, ದಕ್ಷಿಣದ ಯೆಹೂದ ಎಂದು ಒಡೆಯುತ್ತದೆ. ಒಂದು ಕಡೆಯ ಅರಸನ ಪಟ್ಟಾಭಿಷೇಕವನ್ನು ಇನ್ನೊಂದು ಕಡೆಯ ಅರಸನ ಆಳ್ವಿಕೆಯ ಇಂಥ ವರ್ಷದಲ್ಲಿ ಎಂದು ಹೇಳಲಾಗುತ್ತದೆ. ಸಾಲದ್ದಕ್ಕೆ ಅಹಜ್ಯ, ಯೋರಾಮ, ಯೋವಾಷ ಎಂಬ ಹೆಸರುಗಳು ಎರಡೂ ಕಡೆ ಇವೆ. ನಾನು ನೋಟ್‌ಬುಕ್ಕಿನಲ್ಲಿ ಎರಡು ಅಂಕಣ ಮಾಡಿ ಎಡಕ್ಕೆ ಇಸ್ರಾಯೇಲಿನವರನ್ನೂ ಬಲಕ್ಕೆ ಯೆಹೂದದವರನ್ನೂ ಬರೆಯುತ್ತ ಹೋದೆ. ಕ್ರಿ.ಪೂ. 722ರ ಸುಮಾರಿಗೆ ಇಸ್ರಾಯೇಲಿನ ರಾಜಧಾನಿ ಸಮಾರ್ಯವು ಅಶ್ಶೂರರ ಕೈಸೇರಿದಾಗ ಎಡ ಅಂಕಣ ನಿಂತುಹೋಗುತ್ತದೆ, ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟಾಗ ಬಲದ್ದೂ ನಿಲ್ಲುತ್ತದೆ. ಈ ಒಂದು ಹಾಳೆ ಮುಂದೆ ಪ್ರವಾದಿಗಳ ಪುಸ್ತಕಗಳಿಗೆ ಬೀಗದ ಕೈಯಾಯಿತು.

ಪೂರ್ವಕಾಲವೃತ್ತಾಂತದ ಎರಡು ಪುಸ್ತಕಗಳು ಇದೇ ಚರಿತ್ರೆಯನ್ನು ಮತ್ತೊಮ್ಮೆ ಹೇಳುತ್ತವೆ, ಅದೂ ಒಂಬತ್ತು ಅಧ್ಯಾಯಗಳ ವಂಶಾವಳಿಯ ನಂತರ. ಆಗತಾನೇ ಓದಿದ್ದು ನೆನಪಿನಲ್ಲಿ ಹಸಿಯಾಗಿದ್ದುದರಿಂದ ವ್ಯತ್ಯಾಸಗಳನ್ನು ಹುಡುಕುವುದೇ ಓದಿನ ಸ್ವಾರಸ್ಯವಾಯಿತು. ಅರಸ ದಾವೀದನು ಊರೀಯನ ಹೆಂಡತಿ ಬತ್ಷೆಬೆಯನ್ನು ಕೂಡಿದ ಪ್ರಸಂಗ ಇಲ್ಲಿಲ್ಲ. ದಾವೀದನು ಜನಗಣತಿ ಮಾಡಿಸಿದ್ದಕ್ಕೆ ಯೆಹೋವನ ಕೋಪವೇ ಪ್ರೇರಣೆಯೆಂದು 2 ಸಮುವೇಲದ 24ನೆಯ ಅಧ್ಯಾಯ ಹೇಳಿದರೆ, 1 ಪೂರ್ವಕಾಲವೃತ್ತಾಂತದ 21ನೆಯ ಅಧ್ಯಾಯ ಸೈತಾನನ ಪ್ರೇರಣೆ ಎನ್ನುತ್ತದೆ. ಅರಸುಗಳ ಪುಸ್ತಕದಲ್ಲಿ ಯೆಹೂದದ ನಾಶಕ್ಕೇ ಕಾರಣನೆನಿಸುವ ಅರಸ ಮನಸ್ಸೆ ಇಲ್ಲಿ ಸೆರೆಯಲ್ಲಿ ತನ್ನನ್ನು ತಗ್ಗಿಸಿಕೊಂಡು ಪ್ರಾರ್ಥಿಸಿ ಮರಳಿ ಬರುತ್ತಾನೆ. ಬಾಬಿಲೋನಿನ ಸೆರೆಯಿಂದ ಹಿಂದಿರುಗಿದ ಜನರಿಗಾಗಿ ಬರೆದ ಚರಿತ್ರೆಯಿದು ಎಂಬುದನ್ನು ನೆನಪಿಟ್ಟುಕೊಂಡರೆ ಆ ಬದಲಾವಣೆಗಳಿಗೆ ಅರ್ಥ ಹುಟ್ಟುತ್ತದೆ.

ಯೋಬನ ಪುಸ್ತಕದ ಅಂಚಿನಲ್ಲಿ ಪ್ರತಿ ಭಾಷಣಕ್ಕೂ ಮಾತಾಡುತ್ತಿರುವವರ ಹೆಸರನ್ನು ಬರೆದುಕೊಂಡೆ. ಯೋಬನ ಗೆಳೆಯರಾದ ಎಲೀಫಜ, ಬಿಲ್ದದ, ಚೋಫರರು ಸರಿಯಾಗಿ ಮಾತಾಡಲಿಲ್ಲವೆಂದು ಕೊನೆಯ ಅಧ್ಯಾಯದಲ್ಲಿ ದೇವರೇ ತೀರ್ಪು ಕೊಡುತ್ತಾನೆ. ಹಾಗಿದ್ದೂ ಅವರ ಬಾಯಿಂದ ಬಂದ ಚೆಂದದ ಮಾತುಗಳನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವರನ್ನು ಕಂಡರೆ ಈಗ ನನಗೆ ನಗು ಬರುತ್ತದೆ. ಸಾಲನ್ನು ನಾನು ಸಡಿಲಿಸಿದ್ದು ಕೀರ್ತನೆಗಳಲ್ಲಿ ಮಾತ್ರ. 150 ಕೀರ್ತನೆಗಳನ್ನು ಒಂದರ ಹಿಂದೊಂದು ಓದಿದರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಅವುಗಳನ್ನು ದಿನಕ್ಕೆ ಒಂದೆರಡರಂತೆ ಉಳಿಸಿಕೊಂಡು ಜ್ಞಾನೋಕ್ತಿಗಳ ಕಡೆಗೆ ಮುಂದುವರಿದೆ. ಕತ್ತಲೆಯಲ್ಲೇ ಮುಗಿಯುವ 88ನೆಯ ಕೀರ್ತನೆಯಂಥದ್ದನ್ನು ಓದಿದ ದಿನ ಬೇರೆ ಕೀರ್ತನೆಯನ್ನು ಮುಟ್ಟಲಿಲ್ಲ.

ನಿಜವಾದ ಕಷ್ಟ ಯಾಜಕಕಾಂಡದ್ದಲ್ಲ, ಪ್ರವಾದಿಗಳದ್ದು. ಯೆಶಾಯನಿಂದ ಮಲಾಕಿಯನವರೆಗೆ ಹದಿನೇಳು ಪುಸ್ತಕಗಳು. ಗದರಿಕೆ, ಪ್ರಲಾಪ, ಭರವಸೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ಮಾತಾಡುತ್ತಿರುವುದು ದೇವರೋ ಪ್ರವಾದಿಯೋ ಜನರೋ ಎಂಬುದು ವಚನದ ನಡುವೆಯೇ ಬದಲಾಗುತ್ತದೆ. ಯೆರೆಮೀಯನಂತೂ ಕಾಲಾನುಕ್ರಮವನ್ನು ಪಾಲಿಸುವುದೇ ಇಲ್ಲ: 21ನೆಯ ಅಧ್ಯಾಯದಲ್ಲಿ ಕೊನೆಯ ಅರಸ ಚಿದ್ಕೀಯನ ಕಾಲ, 25ರಲ್ಲಿ ಹಿಂದಿನ ಯೆಹೋಯಾಕೀಮನ ಕಾಲ. ಆಗ ಎರಡು ಅಂಕಣಗಳ ಹಾಳೆಯನ್ನು ತೆರೆದಿಟ್ಟುಕೊಂಡು, ಅಧ್ಯಾಯದ ಆರಂಭದಲ್ಲಿ ಅರಸನ ಹೆಸರು ಬಂದಾಗಲೆಲ್ಲ ಆ ಹೆಸರಿನ ಮುಂದೆ ಪುಸ್ತಕದ ಹೆಸರನ್ನೂ ಅಧ್ಯಾಯವನ್ನೂ ಗುರುತು ಹಾಕಿಕೊಂಡೆ. ಆಮೋಸ, ಹೋಶೇಯರು ಎಡ ಅಂಕಣದ ಕೊನೆಯ ಭಾಗಕ್ಕೆ ಹೋಗಿ ಕುಳಿತರು. ಹಗ್ಗಾಯ, ಜೆಕರ್ಯರು ಎರಡೂ ಅಂಕಣಗಳು ಮುಗಿದ ಮೇಲೆ, ಪಾರಸಿಯ ಅರಸ ದಾರ್ಯಾವೆಷನ ಎರಡನೆಯ ವರ್ಷಕ್ಕೆ, ಅಂದರೆ ಕ್ರಿ.ಪೂ. 520ಕ್ಕೆ ಇಳಿದರು. ಯೆರೆಮೀಯನ 36ನೆಯ ಅಧ್ಯಾಯದಲ್ಲಿ ಯೆರೆಮೀಯನ ಬರಹಗಾರ ಬಾರೂಕನು ಬರೆದ ಸುರುಳಿಯನ್ನು ಇನ್ನೊಬ್ಬನು ಓದಿ ಹೇಳುತ್ತಿದ್ದಂತೆ ಯೆಹೋಯಾಕೀಮನು ಮೂರು ನಾಲ್ಕು ಅಂಕಣಗಳಿಗೊಮ್ಮೆ ಚೂರಿಯಿಂದ ಕತ್ತರಿಸಿ ಅಗ್ಗಿಷ್ಟಿಕೆಗೆ ಹಾಕುತ್ತಾನೆ. ಯೆರೆಮೀಯನು ಅದನ್ನೆಲ್ಲ ಮತ್ತೆ ಹೇಳಿ ಬರೆಯಿಸುತ್ತಾನೆ. ಪುಸ್ತಕದ ಕ್ರಮ ಕದಡಿರುವುದರ ಬಗ್ಗೆ ನನಗಿದ್ದ ಅಸಹನೆ ಆ ಅಧ್ಯಾಯದ ನಂತರ ಉಳಿಯಲಿಲ್ಲ.

ಹೊಸ ಒಡಂಬಡಿಕೆ 260 ಅಧ್ಯಾಯಗಳದ್ದು, ಇಡೀ ಗ್ರಂಥದ ಕಾಲುಭಾಗಕ್ಕಿಂತ ಕಡಿಮೆ. ಹಳೆಯದನ್ನು ದಾಟಿ ಬಂದವನಿಗೆ ಅದು ಬೇಗ ಸಾಗುತ್ತದೆ. ಮತ್ತಾಯನ ಮೊದಲ ಅಧ್ಯಾಯದಲ್ಲಿರುವ ಯೇಸುವಿನ ವಂಶಾವಳಿಯ ಹೆಸರುಗಳನ್ನು ಹಿಂದೆ ಯಾವಾಗಲೂ ಹಾರಿಸುತ್ತಿದ್ದೆ. ಈ ಸಲ ತಾಮಾರ, ರಾಹಾಬ, ರೂತ, ಊರೀಯನ ಹೆಂಡತಿ ಎಂದು ಓದುವಾಗ ಒಬ್ಬೊಬ್ಬಳ ಕಥೆಯೂ ಎದುರಿಗಿತ್ತು. ಪೌಲನ ಹೆಸರಿನ ಪತ್ರಗಳನ್ನು ಜೋಡಿಸಿರುವುದು ಹೆಚ್ಚುಕಡಿಮೆ ಉದ್ದದ ಕ್ರಮದಲ್ಲೇ ಹೊರತು ಬರೆದ ಕಾಲದ ಕ್ರಮದಲ್ಲಲ್ಲ, ಅದನ್ನು ತಿಳಿದಿದ್ದರೆ ಗೊಂದಲ ತಪ್ಪುತ್ತದೆ. ಚಿಕ್ಕ ಪತ್ರಗಳನ್ನು ಪತ್ರ ಓದುವಂತೆಯೇ ಒಂದೇ ಉಸಿರಿಗೆ ಓದಬೇಕು. ಫಿಲೆಮೋನನಿಗೆ ಬರೆದದ್ದು 25 ವಚನಗಳಷ್ಟೆ. ಇಬ್ರಿಯರಿಗೆ ಬರೆದ ಪತ್ರವನ್ನು ಓದುವಾಗ ಗುಡಾರದ ನಕ್ಷೆಯನ್ನು ಮತ್ತೆ ತೆಗೆದುಕೊಂಡೆ. ಅದರ ಒಂಬತ್ತನೆಯ ಅಧ್ಯಾಯ ಓದುಗನಿಗೆ ಆ ನಕ್ಷೆ ಗೊತ್ತಿದೆಯೆಂದೇ ಭಾವಿಸಿ ಮಾತಾಡುತ್ತದೆ.

ಕೊನೆಯ ಪುಸ್ತಕವಾದ ಪ್ರಕಟನೆಯನ್ನು ಓದುವಾಗ ವ್ಯಾಖ್ಯಾನಗಳನ್ನೆಲ್ಲ ದೂರವಿಟ್ಟು ಎಡಗೈಯಲ್ಲಿ ದಾನಿಯೇಲನ ಪುಟವನ್ನು ಹಿಡಿದುಕೊಂಡೆ. ದಾನಿಯೇಲನ ಏಳನೆಯ ಅಧ್ಯಾಯದಲ್ಲಿ ಸಿಂಹ, ಕರಡಿ, ಚಿರತೆ ಒಂದಾದ ಮೇಲೊಂದು ಸಮುದ್ರದಿಂದ ಏರಿ ಬರುತ್ತವೆ. ಪ್ರಕಟನೆಯ 13ನೆಯ ಅಧ್ಯಾಯದಲ್ಲಿ ಸಮುದ್ರದಿಂದ ಬರುವ ಒಂದೇ ಮೃಗಕ್ಕೆ ಚಿರತೆಯ ರೂಪ, ಕರಡಿಯ ಕಾಲು, ಸಿಂಹದ ಬಾಯಿ. ಕ್ರಮ ತಲೆಕೆಳಗಾಗಿದೆ, ಮೂರೂ ಒಂದೇ ಮೈಯಲ್ಲಿ ಸೇರಿವೆ. ಹಾಗೆಯೇ ಯೆಹೆಜ್ಕೇಲನ ಮತ್ತು ಜೆಕರ್ಯನ ದರ್ಶನಗಳನ್ನೂ ಪಕ್ಕಕ್ಕಿಟ್ಟುಕೊಂಡು ಹೋದಾಗ, ಒಗಟೆಂದು ಹೆದರಿಸುತ್ತಿದ್ದ ಪುಸ್ತಕದ ಬಹುಪಾಲು ಚಿತ್ರಗಳು ಮೊದಲೇ ಎಲ್ಲೋ ಪರಿಚಯವಾದವುಗಳೇ ಆಗಿದ್ದವು. ಎಲ್ಲಿಯೂ ಹಿಂದಿನ ಗುರುತು ಸಿಗದ ಭಾಗಗಳನ್ನು ಅಂಚಿನಲ್ಲಿ ಗೆರೆಯೆಳೆದು ಹಾಗೆಯೇ ಬಿಟ್ಟಿದ್ದೇನೆ. ಎರಡನೆಯ ಓದಿಗೆ ಹಳೆಯ ಒಡಂಬಡಿಕೆಯನ್ನು ಯೆಹೂದ್ಯರ ಹೀಬ್ರೂ ಗ್ರಂಥದ ಸಾಲಿನಲ್ಲಿ ಹಿಡಿಯುವ ಯೋಚನೆಯಿದೆ: ಅಲ್ಲಿ ದಾನಿಯೇಲನು ಪ್ರವಾದಿಗಳ ನಡುವೆ ಬರುವುದಿಲ್ಲ, ಮತ್ತು ಪೂರ್ವಕಾಲವೃತ್ತಾಂತ ಎಲ್ಲಕ್ಕಿಂತ ಕೊನೆಯದು.