ಕಾಸರಗೋಡಿನ ರಾಣಿಪುರದ ಗುಡ್ಡದಲ್ಲಿ ಲೆಗ್ಸ್ ಹಾಕ್ ಈಗಲ್ ಸಿಕ್ಕ ಬಗೆ

"ಅದು ಚೇಂಜೆಬಲ್ ಮಾರಾಯ, ಸುಮ್ನೆ ಲೆಗ್ಸ್ ಅನ್ಬೇಡ." ಹಕ್ಕಿ ನೋಡುವ ಗೆಳೆಯರಿಂದ ಮೂರು ವರ್ಷ ಈ ಮಾತು ಕೇಳಿದ್ದೇನೆ. ಲೆಗ್ಸ್ ಹಾಕ್ ಈಗಲ್ ನಾನು ಹುಡುಕುತ್ತಿದ್ದ ಗಿಡುಗ, ಚೇಂಜೆಬಲ್ ಹಾಕ್ ಈಗಲ್ ಅದನ್ನೇ ಹೋಲುವ ಇನ್ನೊಂದು. ಈ ಫೆಬ್ರವರಿಯಲ್ಲಿ ಫೋಟೊ ಕಳಿಸಿದ ಮೇಲೆ ಯಾರೂ ಹಾಗೆ ಹೇಳಲಿಲ್ಲ.

ಮೊದಲೆರಡು ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಮುಳ್ಳೇರಿಯದಿಂದ ಬೇಗ ಹೊರಟು ಗುಡ್ಡದ ಕಣಿವೆಗಳ ದಟ್ಟ ಶೋಲಾ ಕಾಡಿನೊಳಗೆ ಕತ್ತೆತ್ತಿ ನಡೆಯುವುದು. ಹದಿನಾಲ್ಕೋ ಹದಿನೈದೋ ಸಲ ಹೋಗಿರಬೇಕು. ಪೆಟ್ರೋಲು, ಟಿಕೆಟು, ಊಟ ಸೇರಿ ಸಲಕ್ಕೆ ಆರೇಳುನೂರು. ಅಡಿಕೆ ಮಾರಿದ ದುಡ್ಡಲ್ಲಿ 48 ಸಾವಿರದ ಹಳೇ ಲೆನ್ಸ್ ಬೇರೆ. ಒಳಗೆ ಫಂಗಸ್ ಇತ್ತು, ತೆಗೆಸಲು ಇನ್ನೂ ನಾಲ್ಕು ಸಾವಿರ. ಸಿಕ್ಕಿದ್ದು ಇಂಬಳದ ಕಡಿತ ಮತ್ತು ಎದೆಯಲ್ಲಿ ಉದ್ದುದ್ದ ಗೀರಿದ್ದ ಚೇಂಜೆಬಲ್ ಫೋಟೊಗಳು.

ನಡುವೆ ತೋಟದಲ್ಲಿ ಫೋನಿಟ್ಟು ರಾತ್ರಿ ಬೆಳಗು ರೆಕಾರ್ಡ್ ಮಾಡಿದೆ. ಒಂದು ದಿನ ಗಿಡುಗನ ಸಿಳ್ಳೆ ಕೇಳಿ ಹಿಗ್ಗಿದೆ. ಮರದಲ್ಲಿ ನೋಡಿದರೆ ಭೀಮರಾಜ ಹಕ್ಕಿ ಅಣಕಿಸುತ್ತಿತ್ತು. ಆದರೂ ಅದರಿಂದ ಕಿವಿ ಪಳಗಿತು.

ಕಾಡಿನೊಳಗೆ ಹುಡುಕಿದ್ದೇ ತಪ್ಪು. ಈ ಹಕ್ಕಿ ದಟ್ಟ ಎಲೆಯೊಳಗೆ ಅಲುಗದೆ ಕೂರುತ್ತದೆ, ಕೆಳಗಿಂದ ಕಾಣುವುದೇ ಇಲ್ಲ. ಬಿಸಿಲೇರಿ ಗಾಳಿ ಮೇಲೆದ್ದಾಗ ಹೊರಬರುತ್ತದೆ. ಹಾಗಾಗಿ ಕಾಡು ಬಿಟ್ಟು ಮೇಲಿನ ಹುಲ್ಲುಗಾವಲಿಗೆ ಹೋದೆ. ಕೊಡಗಿನ ತಲಕಾವೇರಿ ಕಾಡಿಗೆ ಮುಖ ಮಾಡಿ ಒಂಬತ್ತೂವರೆಯಿಂದ ಹನ್ನೆರಡರವರೆಗೆ ಕೂತೆ. ಯಾವ ಬಂಡೆ, ಎಂಥ ದಿನ ಆರಿಸಿದೆ ಎಂಬುದು ನನ್ನಲ್ಲೇ ಇರಲಿ.

ಐದನೇ ದಿನ, ಹತ್ತೂಕಾಲರ ಹೊತ್ತಿಗೆ ಕಣಿವೆಯಿಂದ ಎದ್ದಿತು. ಅಗಲ ರೆಕ್ಕೆ, ಮೈಗೆ ಸೇರುವಲ್ಲಿ ಹಿಸುಕಿದ ಹಾಗೆ ಕಿರಿದು. ತಿರುಗಿದಾಗ ಎದೆಯಲ್ಲಿ ಅಡ್ಡಪಟ್ಟಿ ಕಂಡಿತು. ರೆಕ್ಕೆಯ ಅಡಿಯ ಮುಂಭಾಗ ಮಾಸಲು ಕೆನೆಬಣ್ಣ, ಒಂದು ಗೀರೂ ಇಲ್ಲ. ಹಿಮಾಲಯದ ಮೌಂಟನ್ ಹಾಕ್ ಈಗಲ್‌ಗೆ ಅಲ್ಲಿ ತುಂಬಾ ಗುರುತುಗಳಿರುತ್ತವೆ. 2008ರಲ್ಲಿ ಇದನ್ನು ಅದರಿಂದ ಬೇರೆ ಜಾತಿ ಎಂದು ವಿಂಗಡಿಸಿದರು. ನಮ್ಮ ಘಟ್ಟ ಮತ್ತು ಶ್ರೀಲಂಕಾ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನನ್ನ ಕೈ ನಡುಗುತ್ತಿತ್ತು. ಇಪ್ಪತ್ತು ಫೋಟೊಗಳಲ್ಲಿ ಮೂರು ಮಾತ್ರ ನೆಟ್ಟಗೆ ಬಂದವು, ಸಾಕು.

ಆಮೇಲೆ ಅದೇ ಜಾಗದಿಂದ ಇನ್ನೆರಡು ಸಲ ಕಂಡಿದ್ದೇನೆ. ಚೇಂಜೆಬಲ್ ಎಂದಿದ್ದ ಗೆಳೆಯ ಮುಂದಿನ ಶನಿವಾರ ಬರುತ್ತಾನಂತೆ. ಬಾ, ಆದರೆ ರೆಕಾರ್ಡ್ ಮಾಡಿದ ಕೂಗು ಹಾಕಿ ಹಕ್ಕಿ ಕರೆಯುವ ಸ್ಪೀಕರ್ ಮನೆಯಲ್ಲಿಟ್ಟು ಬಾ ಎಂದಿದ್ದೇನೆ.