ದಪ್ಪ ಕನ್ನಡ ಫಾಂಟ್: ಗದಗದಿಂದ ಹೊರಟು ಲಕ್ಷ್ಮೇಶ್ವರದವರೆಗೆ

ಮೊದಲ ಸಲ ದಪ್ಪ ಅಕ್ಷರ ಮಾಡುವವರು ಅ ಆ ಇ ಈ ಎಂದು ಸಾಲಾಗಿ ಬರೆಯಲು ಕೂಡಬೇಡಿ. ನಮ್ಮ ಬಸ್ಸಿನ ಬೋರ್ಡಿನ ಮೇಲಿನ ಊರ ಹೆಸರುಗಳೇ ಒಳ್ಳೆಯ ಪಾಠ.

ಫಾಂಟ್ ಮಾಡುವ ಸಾಫ್ಟ್‌ವೇರ್ ಫಾಂಟ್‌ಫೋರ್ಜ್ ಪುಕ್ಕಟೆ ಸಿಗುತ್ತದೆ. ಎಮ್ ಅಳತೆ (ಅಕ್ಷರ ಬರೆಯುವ ಚೌಕದ ಎತ್ತರ) 1000 ಯೂನಿಟ್, ತಲೆಕಟ್ಟು ಸೇರಿ ಎತ್ತರ 600, ನಿಂತ ಗೆರೆಯ ದಪ್ಪ 130 ಇಟ್ಟುಕೊಳ್ಳಿ. ಅಡ್ಡ ಗೆರೆಗೆ 112 ಸಾಕು. ಎರಡೂ ಸಮ ಇದ್ದರೆ ಅಡ್ಡದ್ದೇ ದಪ್ಪ ಕಾಣುತ್ತದೆ.

‘ಗದಗ’ಕ್ಕೆ ಎರಡೇ ಅಕ್ಷರ. ದ-ದ ದುಂಡು ತಳ ಅಡಿಗೆರೆಯಿಂದ 10–12 ಯೂನಿಟ್ ಕೆಳಗಿಳಿಯಲಿ, ಇಲ್ಲದಿದ್ದರೆ ಪಕ್ಕದ ಗ-ಕ್ಕಿಂತ ಗಿಡ್ಡ ಕಾಣುತ್ತದೆ. ತಲೆಕಟ್ಟು ಕೂಡುವಲ್ಲಿ ಗೆರೆಯನ್ನು 90ಕ್ಕೆ ಸಣ್ಣ ಮಾಡದಿದ್ದರೆ ಕಪ್ಪು ಗಂಟು ಬೀಳುತ್ತದೆ. ತೆಳು ಫಾಂಟನ್ನು ಸಾಫ್ಟ್‌ವೇರಿನಲ್ಲೇ ಉಬ್ಬಿಸಿ ದಪ್ಪ ಮಾಡುವ ದಾರಿಯಂತೂ ಬೇಡವೇ ಬೇಡ. ಗೆರೆ ಒಳಕ್ಕೂ ಬೆಳೆದು ಅಕ್ಷರದ ಹೊಟ್ಟೆ ಮುಚ್ಚಿಬಿಡುತ್ತದೆ.

‘ಹಾವೇರಿ’ ಗುಣಿತ ಕಲಿಸುತ್ತದೆ. ರಿ-ಯಲ್ಲಿ ತಲೆಕಟ್ಟು ಹೋಗಿ ಗುಡಿಸು ಬರುವುದರಿಂದ ಅದನ್ನು ಬೇರೆ ಗ್ಲಿಫ್ (ಫಾಂಟಿನೊಳಗಿನ ಅಕ್ಷರಚಿತ್ರ) ಆಗಿಯೇ ಬರೆಯಿರಿ.

ನಿಜವಾದ ಪರೀಕ್ಷೆ ‘ಹುಬ್ಬಳ್ಳಿ’. ಬ-ವನ್ನು ಶೇ. 60ಕ್ಕೆ ಕುಗ್ಗಿಸಿ ಒತ್ತು ಮಾಡಿದರೆ ಗೆರೆ 78ಕ್ಕೆ ಇಳಿದು, 130ರ ಅಕ್ಷರದ ಕೆಳಗೆ ಬಡಕಲಾಗಿ ಕಾಣುತ್ತದೆ. ಒತ್ತನ್ನು ಹೊಸದಾಗಿ, 95–100ರ ಗೆರೆಯಲ್ಲಿ, ತುಸು ಅಗಲವಾಗಿ ಬರೆಯಿರಿ. ಒಳಗಿನ ಬಯಲು ಎಲ್ಲಿಯೂ 40ಕ್ಕಿಂತ ಕಡಿಮೆ ಆಗಬಾರದು. ಬ-ದ ಒತ್ತು, ಳ-ದ ಒತ್ತು ಅಕ್ಕಪಕ್ಕ ಬರುತ್ತವೆ. ತಾಗಿದರೆ ಒತ್ತನ್ನು ಕಿರಿದು ಮಾಡಬೇಡಿ, ಬ್ಬ-ದ ಬಲಬದಿಯ ಜಾಗ ಹೆಚ್ಚಿಸಿ. ಆಮೇಲೆ ಅಕ್ಷರ ಜೋಡಣೆಯ ನಿಯಮ ಬರೆಯುವ ಓಪನ್‌ಟೈಪ್‌ನ ಬಿಲೋ-ಬೇಸ್ ಫಾರ್ಮ್ಸ್‌ನಲ್ಲಿ (ಒತ್ತುಗಳ ವಿಭಾಗದಲ್ಲಿ) ‘ವಿರಾಮ (್) + ಬ’ ಬಂದರೆ ಒತ್ತು ಎಂದು ನಿಯಮ ಹಾಕಿ. ಮರೆತರೆ ಪರದೆಯ ಮೇಲೆ ಹುಬ್‌ಬಳ್‌ಳಿ ಮೂಡುತ್ತದೆ.

‘ಧಾರವಾಡ’ದ ಧ-ದಲ್ಲಿ ಹೊಟ್ಟೆ ಸೀಳುವ ಗೆರೆಯೇ ಜೀವ. ಅದನ್ನು 80ಕ್ಕೆ ಇಳಿಸಿ, ಅಡಿಗೆರೆಯ ಕೆಳಗೆ ಸ್ಪಷ್ಟವಾಗಿ ಇಳಿಬಿಡಿ. ದೂರದಿಂದ ‘ದಾರವಾಡ’ ಎಂದು ಓದಿಸಿಕೊಂಡರೆ ಫಾಂಟ್ ಸೋತಂತೆ.

ಕೊನೆಗೆ ‘ಲಕ್ಷ್ಮೇಶ್ವರ’. ಎರಡು ಒತ್ತು ಹೊತ್ತ ಕ್ಷ್ಮೇ ಎಷ್ಟು ಕೆಳಗಿಳಿಯುತ್ತದೋ ಅಳೆದು, ವಿನ್-ಡಿಸೆಂಟ್ (ಅಡಿಗೆರೆಯ ಕೆಳಗೆ ವಿಂಡೋಸ್ ತೋರಿಸುವ ಜಾಗದ ಅಳತೆ) ಅದಕ್ಕಿಂತ ಹೆಚ್ಚಿಡಿ. ಕಡಿಮೆಯಾದರೆ ವಿಂಡೋಸ್‌ನಲ್ಲಿ ಒತ್ತಿನ ತಳ ಕತ್ತರಿಸಿಹೋಗುತ್ತದೆ.

ಮುದ್ರಣ ಕಾಶಿ ಎನಿಸಿದ ಗದಗಿನಲ್ಲಿ ಪ್ರೆಸ್ಸುಗಳಿಗೆ ಕೊರತೆಯಿಲ್ಲ. ಈ ಹೆಸರುಗಳನ್ನು 10, 14, 72 ಪಾಯಿಂಟಿನಲ್ಲಿ ಸಾದಾ ಕಾಗದದ ಮೇಲೆ ಅಚ್ಚು ಹಾಕಿಸಿ. ಶಾಯಿ ಹರಡಿ 10 ಪಾಯಿಂಟಿನಲ್ಲಿ ಹೊಟ್ಟೆ ಮುಚ್ಚಿದರೆ, ದಪ್ಪ ಇಳಿಸುವ ಮೊದಲು ಅಕ್ಷರದ ಅಗಲವನ್ನು 20–30 ಯೂನಿಟ್ ಹಿಗ್ಗಿಸಿ ನೋಡಿ.