ಬೆಡ್‌ರೂಮಿನ ಬೂಷ್ಟು: ಪೇಂಟ್ ಡಬ್ಬ ತರುವ ಮೊದಲು ನಾವು ಮಾಡಿದ್ದು

ಮೈಸೂರಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಬೀರು ಬಾಗಿಲು ತೆಗೆದರೆ ಮುಗ್ಗಲು ವಾಸನೆ ಬರುವುದು ಎಷ್ಟೋ ಮನೆಗಳಲ್ಲಿ ಇದ್ದದ್ದೇ. ಕುವೆಂಪುನಗರದ ನಮ್ಮ ಮನೆಯಲ್ಲೂ ಹಾಗೇ ಇತ್ತು. ಹಳೇ ಮನೆ. ಹಿಂದಿನ ಬೆಡ್‌ರೂಮ್ ವಾಯವ್ಯ ಮೂಲೆಯಲ್ಲಿದೆ, ಎರಡು ಗೋಡೆಗಳು ಹೊರಗಿನ ಮಳೆ ಗಾಳಿಗೆ ನೇರ ಸಿಗುತ್ತವೆ, ಬಿಸಿಲು ಮಾತ್ರ ಸಂಜೆ ಒಂಚೂರು. ಆ ಮೂಲೆಗೇ ಒತ್ತಿಕೊಂಡು ಕಬ್ಬಿಣದ ಬೀರು. ಅದರ ಹಿಂದೆ ಗೋಡೆ ತುಂಬ ಕಪ್ಪು ಚುಕ್ಕಿ. ಒಳಗೆ ಅತ್ತೆಯ ಮೈಸೂರು ಸಿಲ್ಕ್ ಸೀರೆಗಳ ಮಡಿಕೆಯಲ್ಲಿ ಬಿಳಿ ಬೂಷ್ಟು. ಗೋಡೆಗೆ ಬಂದರೆ ಸುಣ್ಣ ಹೊಡೆಸಬಹುದು, ಮದುವೆ ಸೀರೆಗೆ ಬಂದರೆ ಏನು ಮಾಡೋದು?

ಪೇಂಟರ್ ಬಂದು ನೋಡಿ, ವಾಟರ್‌ಪ್ರೂಫ್ ಕೋಟ್ ಹೊಡೆದುಬಿಡೋಣ ಅಂದರು. ನನಗೆ ಅದಕ್ಕೂ ಮೊದಲು ಒಂದು ವಿಷಯ ಗೊತ್ತಾಗಬೇಕಿತ್ತು. ಈ ನೀರು ಗೋಡೆಯಿಂದ ಬರ್ತಿದೆಯೋ, ಕೋಣೆಯ ಗಾಳಿಯಿಂದ ಬರ್ತಿದೆಯೋ? ಗಾಳಿಯಿಂದ ಬರ್ತಿದ್ದರೆ ಗೋಡೆಗೆ ಯಾವ ಕೋಟ್ ಹೊಡೆದರೂ ಅದರ ಮೇಲೇ ಬೂಷ್ಟು ಬರುತ್ತೆ.

ಇದನ್ನು ಕಂಡುಹಿಡಿಯೋಕೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಸಾಕು. ಒಂದು ಅಡಿ ಚೌಕ ಕತ್ತರಿಸಿ, ಗೋಡೆಯನ್ನು ಒಣಬಟ್ಟೆಯಲ್ಲಿ ಒರೆಸಿ, ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಅಂಟಿಸಿ ಒಂದೆರಡು ದಿನ ಬಿಡಬೇಕು. ಬೆಳಗ್ಗೆ ಎದ್ದ ತಕ್ಷಣ, ಕಿಟಕಿ ತೆಗೆಯೋ ಮೊದಲೇ ನೋಡಬೇಕು. ನಮ್ಮ ಕಡೆಯ ಮೈ ಒದ್ದೆಯಾಗಿದ್ದರೆ ಅದು ಗಾಳಿಯಲ್ಲಿದ್ದ ತೇವ. ಬಿಡಿಸಿದಾಗ ಗೋಡೆ ಕಡೆ ಹನಿ ಕಂಡರೆ ಗೋಡೆಯೊಳಗೇ ನೀರಿದೆ. ಎರಡೂ ಕಡೆ ಇದ್ದರೆ ಎರಡು ತೊಂದರೆಯೂ ಇದೆ ಅಂತಲೇ. ನಮ್ಮ ಮೂಲೆಯಲ್ಲಿ ಹೊರಮೈ ಮೇಲೆ ಬೆರಳಲ್ಲಿ ಗೆರೆ ಎಳೆಯುವಷ್ಟು ಮಂಜು ಕೂತಿತ್ತು. ಹಿಂಭಾಗ ಪೂರ್ತಿ ಒಣಗಿತ್ತು. ಜೋರು ಮಳೆ ಬಂದ ದಿನ ಹೊರಗಡೆ ಹೋಗಿ ಸಜ್ಜಾ, ಗೋಡೆ ಬಿರುಕು, ತಾರಸಿಯಿಂದ ಇಳಿಯುವ ಪೈಪು ಎಲ್ಲ ನೋಡಿದೆ. ಎಲ್ಲೂ ಸೋರಿಕೆ ಇರಲಿಲ್ಲ.

ಹಾಗಾದರೆ ಕೋಣೆಯೊಳಗೆ ಅಷ್ಟು ನೀರು ಎಲ್ಲಿಂದ? ನಮ್ಮಿಂದಲೇ. ಇಬ್ಬರು ರಾತ್ರಿಯಿಡೀ ಮಲಗಿದರೆ ಉಸಿರು, ಬೆವರಿನಿಂದ ಸುಮಾರು ಅರ್ಧ ಲೀಟರ್ ನೀರು ಗಾಳಿಗೆ ಸೇರುತ್ತೆ. ಸೊಳ್ಳೆ ಕಾಟಕ್ಕೆ ಸಂಜೆ ಆರಕ್ಕೇ ಕಿಟಕಿ ಹಾಕ್ತೀವಿ, ಮತ್ತೆ ತೆಗೆಯೋದು ಬೆಳಗ್ಗೆಯೇ. ಮಳೆಗಾಲದಲ್ಲಿ ಬಟ್ಟೆ ಒಣಗೋದಿಲ್ಲ ಅಂತ ಕೋಣೆಯೊಳಗೇ ಹಗ್ಗ ಕಟ್ಟಿರ್ತೀವಿ. ಆ ಬಟ್ಟೆಯಿಂದ ಹೋದ ನೀರೆಲ್ಲ ಕೋಣೆಯ ಗಾಳಿಗೇ ಹೋಗಿದ್ದು, ಅಲ್ವಾ? ಅಟ್ಯಾಚ್ಡ್ ಬಾತ್‌ರೂಮಿನ ಬಿಸಿನೀರಿನ ಹಬೆ ಬೇರೆ. ಅಡುಗೆಮನೆಯಲ್ಲಿ ಇಡ್ಲಿ ಹಬೆಯ ಜೊತೆಗೆ ಗ್ಯಾಸ್ ಉರಿಯುವಾಗಲೂ ನೀರಾವಿ ಬರುತ್ತೆ. ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಲೀಟರ್‌ಗೂ ಜಾಸ್ತಿ ನೀರು ಆವಿಯಾಗಿ ಹೊರಬೀಳುತ್ತೆ. ಈ ಆವಿಯೆಲ್ಲ ಮನೆಯಲ್ಲಿ ತಣ್ಣಗಿರುವ ಜಾಗ ಯಾವುದೋ ಅಲ್ಲಿ ಹೋಗಿ ನೀರಾಗುತ್ತೆ. ನಮ್ಮಲ್ಲಿ ಅದು ಬೀರುವಿನ ಹಿಂದಿನ ಗೋಡೆ. ಅಲ್ಲಿ ಗಾಳಿಯೂ ಆಡಲ್ಲ, ಕೋಣೆಯ ಬಿಸಿಯೂ ತಲುಪಲ್ಲ.

ತೇವಾಂಶ ತೋರಿಸುವ ಒಂದು ಸಣ್ಣ ಮೀಟರ್ ತಂದೆ. ಅಗ್ಗದ್ದು ಸರಿಯಾಗಿ ತೋರಿಸುತ್ತಾ ಅನ್ನುವ ಅನುಮಾನ ಇದ್ದರೆ ಉಪ್ಪಿನಲ್ಲಿ ಪರೀಕ್ಷೆ ಮಾಡಬಹುದು. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ತುಂಬಿ, ಉಪ್ಪು ಕರಗದೆ ಬರೀ ಕೆಸರಿನ ಹಾಗಾಗುವಷ್ಟು ನೀರಿನ ಹನಿ ಹಾಕಿ, ಮೀಟರ್ ಜೊತೆ ಜಿಪ್ ಕವರಿನಲ್ಲಿಟ್ಟು ಮುಚ್ಚಿ. ಎಂಟು ಹತ್ತು ಗಂಟೆ ಆದ ಮೇಲೆ ಅದು 75% ಆಸುಪಾಸು ತೋರಿಸಬೇಕು. ಹೆಚ್ಚುಕಮ್ಮಿ ಇದ್ದರೆ ಅಷ್ಟನ್ನು ಕಳೆದು ಕೂಡಿಸಿ ಓದಿಕೊಂಡರಾಯಿತು. ತೇವಾಂಶ 60% ಒಳಗಿದ್ದರೆ ಬೂಷ್ಟಿನ ಚಿಂತೆ ಇಲ್ಲ. 70 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಬರೋಕೆ ದಾರಿ.

ಮಳೆ ಸುರಿಯುವಾಗ ನಾನು ಕಿಟಕಿ ತೆಗೆದರೆ ಅತ್ತೆ, "ಥಂಡಿ ಒಳಗೆ ಬರಲ್ವೇನಮ್ಮಾ?" ಅಂತ ಕೇಳ್ತಿದ್ದರು. ಎಲ್ಲರೂ ಕೇಳುವ ಪ್ರಶ್ನೆಯೇ ಇದು, ಆದ್ದರಿಂದ ಸ್ವಲ್ಪ ಲೆಕ್ಕ ಹೇಳ್ತೀನಿ. ತಣ್ಣನೆ ಗಾಳಿ ಕಡಿಮೆ ನೀರು ಹಿಡಿದುಕೊಳ್ಳುತ್ತೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ಆವಿ ಹಿಡಿಯಬಲ್ಲದು, 25 ಡಿಗ್ರಿಯಲ್ಲಿ 23 ಗ್ರಾಂ. ಹೊರಗೆ ಮಳೆ ಬಂದು 20 ಡಿಗ್ರಿ ಇದ್ದು ತೇವಾಂಶ 95% ಇದ್ದರೂ ಆ ಗಾಳಿಯಲ್ಲಿರೋದು 16 ಗ್ರಾಂ ಚಿಲ್ಲರೆ. ಮುಚ್ಚಿದ ಕೋಣೆಯಲ್ಲಿ 25 ಡಿಗ್ರಿ, 80% ಇದ್ದರೆ ಒಳಗಿನ ಗಾಳಿಯಲ್ಲಿ 18 ಗ್ರಾಂಗೂ ಮೇಲಿದೆ. ಅಂದರೆ ಒದ್ದೆ ಅನ್ನಿಸುವ ಹೊರಗಿನ ಗಾಳಿಯೇ ಒಳಗಿನದಕ್ಕಿಂತ ಒಣಗಿದ್ದು. ಇರಚಲು ಬೀಳದ ಕಡೆಯ ಕಿಟಕಿ ತೆಗೆದು, ಎದುರಿನ ಬಾಗಿಲನ್ನೂ ತೆಗೆದು ಹತ್ತು ನಿಮಿಷ ಗಾಳಿ ಆಡಿಸಿದರೆ ಮೀಟರಿನ ಅಂಕಿ ಕಣ್ಣೆದುರೇ ಇಳಿಯುತ್ತೆ. ಅತ್ತೆಗೆ ಅದನ್ನೇ ತೋರಿಸಿದೆ. ಈಗ ಬೆಳಗ್ಗೆ ಎದ್ದು ಮೊದಲು ಕಿಟಕಿ ತೆಗೆಯೋದು ಅವರೇ.

ಬೀರುವನ್ನು ಒಳಗೋಡೆಗೆ ಸರಿಸಿದೆವು, ಅಲ್ಲೂ ಹಿಂದೆ ಒಂದು ಗೇಣು ಜಾಗ ಬಿಟ್ಟು. ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಇದೇ, ಖರ್ಚೂ ಇಲ್ಲ. ಕಿಟಕಿ ಮೇಲಿನ ವೆಂಟಿಲೇಟರ್‌ಗೆ ಯಾವ ಕಾಲದಲ್ಲೋ ರಟ್ಟು ಬಡಿದು ಮುಚ್ಚಿದ್ದರು. ಅದನ್ನು ಕಿತ್ತು ಸೊಳ್ಳೆ ಮೆಶ್ ಹಾಕಿಸಿದೆವು, ಈಗ ರಾತ್ರಿಯೆಲ್ಲ ತೆರೆದೇ ಇರುತ್ತೆ. ಸ್ನಾನ ಮುಗಿದರೂ ಇಪ್ಪತ್ತು ನಿಮಿಷ ಎಕ್ಸಾಸ್ಟ್ ಫ್ಯಾನ್ ಓಡಬೇಕು, ಅಲ್ಲಿಯವರೆಗೆ ಬಾತ್‌ರೂಮ್ ಬಾಗಿಲು ಬೆಡ್‌ರೂಮ್ ಕಡೆಗೆ ಮುಚ್ಚಿರಬೇಕು. ಬಟ್ಟೆ ಹಗ್ಗ ಶೀಟ್ ಹಾಕಿದ ಹಿಂದಿನ ವರಾಂಡಕ್ಕೆ ಹೋಯಿತು. ಹತ್ತಿ ಹಾಸಿಗೆಯನ್ನು ಬಿಸಿಲು ಕಂಡ ದಿನ ತಾರಸಿ ಮೇಲೆ ಹಾಕ್ತೀವಿ. ಸಾಂಬ್ರಾಣಿ ಹಾಕಿದರೆ ವಾಸನೆ ಮುಚ್ಚುತ್ತೆ ಅಷ್ಟೇ, ತೇವ ಹೋಗಲ್ಲ.

ಗೋಡೆಯ ಬೂಷ್ಟನ್ನು ಒಣಗಿದ್ದಾಗ ಉಜ್ಜಬೇಡಿ, ಪುಡಿಯೆಲ್ಲ ಕೋಣೆ ತುಂಬ ಹಾರಿ ಉಸಿರಿಗೆ ಹೋಗುತ್ತೆ. ಮಾಸ್ಕ್ ಹಾಕಿಕೊಂಡು, ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒರೆಸಿ, ಪೂರ್ತಿ ಒಣಗಿಸಿ. ಬ್ಲೀಚಿಂಗ್ ಪೌಡರ್ ಬಳಸುವವರು ಅದಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಯಾವ ಕಾರಣಕ್ಕೂ ಸೇರಿಸಬಾರದು, ವಿಷದ ಗಾಳಿ ಬರುತ್ತೆ. ಸೀರೆಗಳನ್ನು ಹೊರಗೆ ನೆರಳಲ್ಲಿ ಹರವಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಮಡಿಕೆ ಬದಲಿಸಿ ಹಳೇ ಬಿಳಿ ಪಂಚೆಯಲ್ಲಿ ಸುತ್ತಿಟ್ಟೆವು. ಪ್ಲಾಸ್ಟಿಕ್ ಕವರೆಲ್ಲ ಎಸೆದೆ. ಪೇಂಟರನ್ನು ಕರೆದದ್ದು ಸಂಕ್ರಾಂತಿ ಕಳೆದು ಗೋಡೆ ಚೆನ್ನಾಗಿ ಒಣಗಿದ ಮೇಲೆ. ಅವರಿಂದ ಬರೀ ಸುಣ್ಣ ಹೊಡೆಸಿದೆ, ಅದು ಗೋಡೆಯನ್ನು ಉಸಿರಾಡಲು ಬಿಡುತ್ತೆ, ಬೂಷ್ಟಿಗೂ ಆಗಿಬರಲ್ಲ.

ಇದೇ ಫಾಯಿಲನ್ನು ಮಂಡ್ಯ ಹತ್ತಿರ ನಾಲೆ ಬಯಲಿನಲ್ಲಿರುವ ನಮ್ಮ ಚಿಕ್ಕಮ್ಮನ ಮನೆಯಲ್ಲೂ ಅಂಟಿಸಿದ್ದೆ. ಅಲ್ಲಿ ಹನಿ ಗೋಡೆ ಕಡೆಗಿತ್ತು. ನೆಲದಿಂದ ಎರಡು ಮೂರು ಅಡಿವರೆಗೆ ಗಾರೆ ಉಬ್ಬಿ ಉದುರ್ತಿದೆ, ಬಿಳಿ ಉಪ್ಪು ಅರಳಿದೆ. ಸುತ್ತ ಗದ್ದೆಗೆ ನೀರು ಬಿಟ್ಟಾಗ ನೆಲ ನೆನೆದು, ಪಾಯದಿಂದ ಗೋಡೆ ನೀರು ಹೀರ್ತಿದೆ. ಅಲ್ಲಿ ಕಿಟಕಿ ತೆಗೆದರೆ ಸಾಲದು. ಮನೆ ಸುತ್ತ ಒಳನೆಲದ ಮಟ್ಟಕ್ಕೆ ಏರಿದ್ದ ಮಣ್ಣನ್ನು ಸದ್ಯ ತೆಗೆಸಿ, ಬಚ್ಚಲು ನೀರು ಗೋಡೆಯಿಂದ ದೂರ ಹರಿಯುವ ಹಾಗೆ ಮಾಡಿದ್ದೀವಿ. ನಾಲೆಗೆ ನೀರು ಬಿಡೋದು ನಿಂತು ನೆಲ ಒಣಗಿದ ಮೇಲೆ, ಆ ಭಾಗದ ಸಿಮೆಂಟ್ ಗಾರೆ ಕೆರೆಸಿ ಸುಣ್ಣದ ಗಾರೆ ಹಾಕಿಸಬೇಕು. ಅದಕ್ಕೆ ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಯನ್ನು ಹುಡುಕ್ತಿದ್ದೀವಿ.